ಬಂಡೆ ಮೇಲೆ ಹಕ್ಕಿ, ಬಂಡೆಯಲ್ಲೇ ಗುಡಿ: ಹಂಪಿಯಿಂದ ಮಾಗಡಿ ಕೆರೆವರೆಗೆ ನಾಲ್ಕು ದಿನ

ಪ್ರಶ್ನೆ: ನಾವು ಬೆಂಗಳೂರಿನವರು. ನನಗೆ ಮೂರು ವರ್ಷದಿಂದ ಹಕ್ಕಿ ನೋಡುವ ಹುಚ್ಚು. ಅಮ್ಮನಿಗೆ 68 ವರ್ಷ, ಮಂಡಿನೋವಿದೆ, ಆದರೆ ಹಳೇ ದೇವಸ್ಥಾನ ಅಂದರೆ ಪ್ರಾಣ. ಮಗಳಿಗೆ ಒಂಬತ್ತು. ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಳ್ಳಬಹುದು. ಮೊದಲು ಭರತಪುರ, ಆಗ್ರಾ ಅಂದುಕೊಂಡಿದ್ದೆವು. ಗೆಳೆಯರು ಹಂಪಿಗೆ ಹೋಗಿ ಅಂತಾರೆ. ಹಕ್ಕಿಗೆ ಎರಡು ದಿನ, ದೇವಸ್ಥಾನಕ್ಕೆ ಎರಡು ದಿನ ಅಂತ ಹಂಚಿಕೊಂಡರೆ ಸರಿಹೋಗುತ್ತಾ?

ಉತ್ತರ: ಹಾಗೆ ಹಂಚಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಹಕ್ಕಿ ದಿನ ಅಂತ ಇಟ್ಟರೆ ಅಮ್ಮ ಕಾರಿನಲ್ಲಿ ಕೂತು ಬೇಜಾರಾಗುತ್ತಾರೆ, ಗುಡಿ ದಿನ ಅಂತ ಇಟ್ಟರೆ ನೀವು ಬೈನಾಕ್ಯುಲರ್ ಹಿಡಿದು ಚಡಪಡಿಸುತ್ತೀರಿ. ಹಕ್ಕಿಗೂ ಗುಡಿಗೂ ಒಂದೇ ಜಾಗ ಸಿಗುವ ಕಡೆ ಹೋಗಬೇಕು. ಹಂಪಿ ಅಂಥ ಊರು.

ಭರತಪುರ ಚೆನ್ನಾಗಿಲ್ಲ ಅಂತಲ್ಲ. ಅಲ್ಲಿನ ಕೇವಲಾದೇವ್ ಪಕ್ಷಿಧಾಮ, ಫತೇಪುರ್ ಸಿಕ್ರಿ, ಆಗ್ರಾ ಮೂರೂ ಹತ್ತಿರ ಹತ್ತಿರ ಇವೆ, ಬಹಳ ಒಳ್ಳೆಯ ಜೋಡಿ. ಆದರೆ ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಅಲ್ಲಿ ಮಂಜು ಜಾಸ್ತಿ. ರೈಲು ತಡ, ವಿಮಾನ ತಡ, ಎಷ್ಟೋ ದಿನ ಬೆಳಿಗ್ಗೆ ಹತ್ತಾದರೂ ಎದುರಿನ ಮರ ಕಾಣುವುದಿಲ್ಲ. ನಾಲ್ಕೇ ದಿನ ಇಟ್ಟುಕೊಂಡು ಅಷ್ಟು ದೂರ ಹೋಗುವುದು ಬೇಡ. ವಾರ ಪೂರ್ತಿ ಸಿಕ್ಕಾಗ ಹೋಗಿ.

ಇನ್ನು ಹಂಪಿ. ಇಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿಸಿಲಿಗೆ, ಮಳೆಗೆ ಬಿರುಕು ಬಿಟ್ಟು, ಬಿರುಕಿನಲ್ಲಿ ಸವೆದು, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ನಿಂತಿವೆ. 1336ರಲ್ಲಿ ರಾಜಧಾನಿ ಕಟ್ಟಿದವರಿಗೆ ಇವೇ ಕೋಟೆ, ಗುಡಿ ಕಟ್ಟುವ ಕಲ್ಲೂ ಇವೇ. ಗೋಡೆ ಪಕ್ಕದ ಬಂಡೆಗಳನ್ನು ಹತ್ತಿರ ಹೋಗಿ ನೋಡಿ. ಸಾಲಾಗಿ, ಗೇಣು ಗೇಣು ದೂರದಲ್ಲಿ ಬೆಣೆ ಹೊಡೆದ ಚೌಕ ತೂತುಗಳು ಕಾಣುತ್ತವೆ. ಕೆಲವು ಬಂಡೆಗಳಲ್ಲಿ ತೂತು ಕೊರೆದಿದ್ದಾರೆ, ಆದರೆ ಸೀಳಿಲ್ಲ, ನಾಳೆ ಬಂದು ಮಾಡೋಣ ಅಂತ ಕೆಲಸ ಬಿಟ್ಟು ಹೋದ ಹಾಗಿದೆ. ಅದೇ ಬಂಡೆಯ ಸಂದಿಯಲ್ಲಿ ಕೊಂಬಿನ ಗೂಬೆ ಮೊಟ್ಟೆ ಇಡುತ್ತದೆ, ಗವಿಯಲ್ಲಿ ಕರಡಿ ಮಲಗುತ್ತದೆ, ಬಿರುಕಿನಲ್ಲಿ ಬೇರೂರಿದ ಆಲದ ಜಾತಿಯ ಮರದ ಹಣ್ಣಿಗೆ ಪಿಕಳಾರ ಬರುತ್ತದೆ. ನೀರಿನ ಕಥೆಯೂ ಹಾಗೇ. ವಿಜಯನಗರದ ಕಾಲದ, ತುರ್ತು ಅನ್ನುವ ಹೆಸರಿನ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ಹಂಪಿಯ ಬಾಳೆತೋಟ, ಗದ್ದೆಗಳಿಗೆಲ್ಲ ಅದೇ ಆಸರೆ. ಆ ಗದ್ದೆಗಳಲ್ಲಿ ಬೆಳ್ಳಕ್ಕಿ, ಕೆಂಬರಲು, ಮಿಂಚುಳ್ಳಿ. ಕಮಲಾಪುರದ ಕೆರೆ ಕೂಡ ಆ ಕಾಲದ್ದೇ. ಹಾಗಾಗಿ ಇಲ್ಲಿ ಹಕ್ಕಿ ನೋಡುವುದೂ ಇತಿಹಾಸ ನೋಡುವುದೂ ಬೇರೆ ಬೇರೆ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ದಿನಾಂಕ ಮಾತ್ರ ಬದಲಿಸಿ. ಡಿಸೆಂಬರ್ ಕೊನೆಯ ವಾರ ಹಂಪಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಂಕ್ರಾಂತಿಗೆ ತುಂಗಭದ್ರೆಯಲ್ಲಿ ಸ್ನಾನಕ್ಕೆ ಜನ ಬರುತ್ತಾರೆ, ಆಗಲೂ ಬೇಡ. ಸಂಕ್ರಾಂತಿ ಕಳೆದ ಮೇಲೆ, ಜನವರಿ ಮೂರನೇ ವಾರದಲ್ಲಿ, ಸೋಮವಾರದಿಂದ ಗುರುವಾರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಂಪಿ ಉತ್ಸವದ ದಿನ ಒಂದೊಂದು ವರ್ಷ ಒಂದೊಂದು ಸಲ ಬರುತ್ತದೆ, ಬುಕ್ ಮಾಡುವ ಮುಂಚೆ ಅದನ್ನೂ ವಿಚಾರಿಸಿಕೊಳ್ಳಿ. ಮಗಳಿಗೆ ಶಾಲೆ ನಾಲ್ಕು ದಿನ ತಪ್ಪುತ್ತದೆ, ನಿಜ. ತಪ್ಪಲಿ. ಕೊನೆಯ ದಿನ ನೋಡುವ ಮಾಗಡಿ ಕೆರೆಯ ಹೆಬ್ಬಾತುಗಳು ಆಗ ಖಂಡಿತ ಇರುತ್ತವೆ, ಬಿಸಿಲೂ ತಡೆಯುವಷ್ಟೇ ಇರುತ್ತದೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ವಾಪಸ್ ಬರುವಾಗ ಹೊಸಪೇಟೆಗೆ ಬರಬೇಡಿ, ಪ್ರವಾಸ ಮುಗಿಯುವ ಗದಗದಲ್ಲೇ ಅದೇ ರೈಲು ಹತ್ತಿ. ಒಂದೇ ದಾರಿಯಲ್ಲಿ ಹೋಗಿ ಬರುವುದು ತಪ್ಪಿ ಅರ್ಧ ದಿನ ಉಳಿಯುತ್ತದೆ. ನಾಲ್ಕು ದಿನಕ್ಕೂ ಒಂದೇ ಗಾಡಿ ಮಾತಾಡಿಕೊಳ್ಳಿ, ಗದಗದಲ್ಲಿ ಬಿಡಬೇಕು ಅಂತ ಮೊದಲೇ ಹೇಳಿ. ಉಳಿಯಲು ಹೊಸಪೇಟೆಗಿಂತ ಕಮಲಾಪುರ ವಾಸಿ. ಬೆಳಿಗ್ಗೆ ಆರೂವರೆಗೆ ರೂಮು ಬಿಟ್ಟರೆ ಹತ್ತು ನಿಮಿಷದಲ್ಲಿ ಬಂಡೆಗಳ ನಡುವೆ ಇರುತ್ತೀರಿ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಅಲ್ಲೇ ಇದೆ. ಅಮ್ಮನಿಗೆ ನೆಲಮಹಡಿಯ ರೂಮು ಕೇಳಿ.

ಮೊದಲ ದಿನ ಬೆಳಿಗ್ಗೆ ಸುಮ್ನೆ ಸ್ನಾನ, ತಿಂಡಿ, ಸ್ವಲ್ಪ ನಿದ್ದೆ. ರೈಲಿನಲ್ಲಿ ಬಂದ ದಿನವೇ ಅಮ್ಮನನ್ನು ಬಿಸಿಲಲ್ಲಿ ನಡೆಸಬೇಡಿ. ಮಧ್ಯಾಹ್ನ ಊಟ ಮುಗಿಸಿ ದರೋಜಿ ಕರಡಿಧಾಮಕ್ಕೆ ಹೊರಡಿ. ಹಂಪಿಯಿಂದ ಸುಮಾರು 15 ಕಿಲೋಮೀಟರ್. 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಧಾಮ ಇದು. ಒಳಗೆ ಬಿಡುವುದು ಮಧ್ಯಾಹ್ನದ ನಂತರ, ಸಂಜೆವರೆಗೆ ಮಾತ್ರ. ಎಷ್ಟೋ ಜನ ಇದು ಗೊತ್ತಿಲ್ಲದೆ ಬೆಳಿಗ್ಗೆ ಹೋಗಿ ಗೇಟಿನಿಂದಲೇ ವಾಪಸ್ ಬರುತ್ತಾರೆ. ಒಳಗೆ ವೀಕ್ಷಣಾ ಗೋಪುರ ಇದೆ, ಎದುರಿಗೆ ಬಂಡೆಗುಡ್ಡ. ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಆಮೇಲೆ ಕಾಯಬೇಕು.

ಕಾಯುವ ಹೊತ್ತಿನಲ್ಲೇ ನಿಮ್ಮ ಕೆಲಸ ಇರುವುದು. ಎಲ್ಲರೂ ಕರಡಿ ಬರುವ ಗುಡ್ಡದ ತುದಿ ನೋಡುತ್ತಿರುತ್ತಾರೆ. ನೀವು ಬಂಡೆಯ ಬುಡ ನೋಡಿ. ಬೆಲ್ಲಕ್ಕೆ ಮೊದಲು ಬರುವುದು ಮುಂಗುಸಿ, ನವಿಲು, ಗೌಜುಗ. ಜೊತೆಗೆ, ಅದೃಷ್ಟ ಇದ್ದರೆ, ಪೇಂಟೆಡ್ ಸ್ಪರ್‌ಫೌಲ್. ಕಾಡುಕೋಳಿಯ ಬಳಗದ, ಸಣ್ಣ ಹುಂಜದಷ್ಟಿರುವ ಹಕ್ಕಿ. ಗಂಡಿನ ಮೈ ಇಟ್ಟಿಗೆ ಕೆಂಪು, ಕಪ್ಪು ತಲೆ, ಅದರ ತುಂಬಾ ರವೆ ಎರಚಿದ ಹಾಗೆ ಬಿಳಿ ಚುಕ್ಕಿ. ನಾನು ಮೊದಲ ಸಲ ಅದನ್ನು ಸರಿಯಾಗಿ ನೋಡಿದ್ದು ಅಲ್ಲೇ. ಬಂಡೆಯ ನೆರಳಿನಿಂದ ತಲೆ ಮಾತ್ರ ಹೊರಗೆ ಹಾಕಿತು. ಒಂದು ಹೆಜ್ಜೆ ಇಟ್ಟಿತು, ನಿಂತಿತು. ಮತ್ತೆ ಒಂದು ಹೆಜ್ಜೆ. ಬಿಸಿಲಿಗೆ ಬಂದ ಕೂಡಲೇ ಮೈಮೇಲಿನ ಚುಕ್ಕಿ ಒಂದೊಂದೂ ಎಣಿಸುವ ಹಾಗೆ ಕಂಡಿತು. ಬೆಲ್ಲ ಕುಕ್ಕಿ ತಿನ್ನುತ್ತಾ ಐದು ನಿಮಿಷ ಇತ್ತು, ಪಕ್ಕದಲ್ಲಿ ಯಾರೋ ಜೋರಾಗಿ ಕೆಮ್ಮಿದರು, ಹಾರಲಿಲ್ಲ, ಓಡಿ ಸಂದಿಗೆ ಸೇರಿಕೊಂಡಿತು. ಅದು ಹಾರುವುದು ತೀರಾ ಕಡಿಮೆ, ಓಡುವುದೇ ಅಭ್ಯಾಸ. ಮಗಳಿಗೆ ಮೊದಲೇ ಹೇಳಿಡಿ, ಅಲ್ಲಿ ಪಿಸುಮಾತು ಮಾತ್ರ.

ಕರಡಿ ಬಂದಾಗ ಯಾರಿಗೂ ಹೇಳಬೇಕಾಗಿಲ್ಲ, ಇಡೀ ಗೋಪುರ ಉಸಿರು ಹಿಡಿಯುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕರಡಿ ಕಂಡರೆ ಅಮ್ಮನೂ ಮಗಳೂ ಜೀವಮಾನವಿಡೀ ಅದನ್ನೇ ಹೇಳುತ್ತಾರೆ. ವಾಪಸ್ ಬರುವಾಗ ದರೋಜಿ ಊರಿನ ಬಗ್ಗೆ ಅಮ್ಮನಿಗೆ ಒಂದು ಮಾತು ಹೇಳಿ. ಬುರ್ರಕಥಾ ಈರಮ್ಮ ಇದೇ ಊರಿನವರು. ಅಕ್ಷರ ಬಾರದ ಆ ತಾಯಿ ಸಾವಿರಾರು ಸಾಲುಗಳ ಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಕರಡಿ ನೋಡಿ ಹೋಗುವವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಹೇಳಿ. ಗೊತ್ತಿರಬೇಕು.

ಎರಡನೇ ದಿನವೇ ನಿಮ್ಮ ಮುಖ್ಯ ದಿನ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಮಾತಂಗ ಬೆಟ್ಟ ಹತ್ತುವ ಆಸೆ ಇದ್ದರೆ ಅಮ್ಮನನ್ನು ಬಿಟ್ಟು ನೀವೊಬ್ಬರೇ ಹೋಗಬೇಡಿ ಅಂತ ಹೇಳುವುದಿಲ್ಲ, ಆದರೆ ಕತ್ತಲಲ್ಲಿ ಒಂಟಿಯಾಗಿ ಖಂಡಿತ ಬೇಡ. ಆ ಸುತ್ತಿನಲ್ಲಿ ಚಿರತೆ ಇದೆ, ಕರಡಿ ಬೆಳಗಿನ ಜಾವ ಓಡಾಡುತ್ತದೆ. ಊರಿನವರು ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಬೆಳಕು ಹರಿದ ಮೇಲೆ ಹೊರಡಿ. ನನ್ನನ್ನು ಕೇಳಿದರೆ ಬೆಟ್ಟ ಬಿಟ್ಟು ಹೊಳೆ ದಂಡೆಯ ದಾರಿ ಹಿಡಿಯಿರಿ. ಹಂಪಿ ಬಜಾರಿನಿಂದ ಕೋದಂಡರಾಮನ ಗುಡಿ ಮೇಲೆ ಹಾಯ್ದು ವಿಜಯ ವಿಠ್ಠಲ ಗುಡಿವರೆಗೆ ಸುಮಾರು ಎರಡು ಕಿಲೋಮೀಟರ್. ಎಡಕ್ಕೆ ತುಂಗಭದ್ರೆ, ಬಲಕ್ಕೆ ಬಂಡೆಗಳು. ನೀವು ಮತ್ತು ಮಗಳು ನಡೆದು ಬನ್ನಿ. ಅಮ್ಮ ಆ ಹೊತ್ತಿಗೆ ವಿರೂಪಾಕ್ಷನ ದರ್ಶನ ಮುಗಿಸಿ, ಗಾಡಿಯಲ್ಲಿ ಸುತ್ತಿ ಬಂದು, ವಿಠ್ಠಲ ಗುಡಿಯ ಗೇಟಿನಿಂದ ಬ್ಯಾಟರಿ ಗಾಡಿ ಹತ್ತಲಿ. ನಾಲ್ಕು ದಿನದಲ್ಲಿ ನೀವು ಬೇರೆ ಬೇರೆ ಹೋಗಬೇಕಾದ್ದು ಇದೊಂದೇ ಸಲ, ಅದೂ ಎರಡು ಗಂಟೆ.

ಈ ದಾರಿಯಲ್ಲಿ ಹುಡುಕಬೇಕಾದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ನಂದಿಬೆಟ್ಟದಲ್ಲೂ ಇದೆ. ಬಂಡೆ ಒಡೆದು ಜಲ್ಲಿ ಮಾಡಿದ ಕಡೆಯೆಲ್ಲ ಅದರ ನೆಲೆ ಹೋಗಿದೆ, ಅಳಿವಿನ ಅಂಚಿಗೆ ಹತ್ತಿರವಾಗುತ್ತಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ತಲೆ ಮತ್ತು ಕೊರಳು ನಿಂಬೆಹಣ್ಣಿನ ಹಳದಿ, ಜುಟ್ಟು ಇಲ್ಲ, ಮೈ ಬೂದು. ಬಿಳಿ ಹುಬ್ಬಿನ ಪಿಕಳಾರವೂ ಅಲ್ಲೇ ಓಡಾಡುತ್ತದೆ, ಮೋಸ ಹೋಗಬೇಡಿ. ಅದಕ್ಕೆ ಹೆಸರಿಗೆ ತಕ್ಕ ಹಾಗೆ ಬಿಳಿ ಹುಬ್ಬು, ತಲೆಯಲ್ಲಿ ಹಳದಿ ಇಲ್ಲ. ಹಣ್ಣು ಬಿಟ್ಟ ಮರ ಒಂದು ಬಂಡೆ ಪಕ್ಕ ಸಿಕ್ಕರೆ ಅಲ್ಲೇ ಕೂತುಬಿಡಿ, ಹತ್ತು ಕಡೆ ಅಲೆಯುವುದಕ್ಕಿಂತ ಅದು ಮೇಲು. ಚಳಿಗಾಲದಲ್ಲಿ ಬ್ಲೂ ರಾಕ್ ಥ್ರಶ್ ಕೂಡ ಬಂದಿರುತ್ತದೆ, ಪಾಳು ಮಂಟಪದ ತುದಿಯಲ್ಲಿ ಒಂಟಿಯಾಗಿ ಕೂತಿರುತ್ತದೆ. ನದಿಯಲ್ಲಿ ಕಣ್ಣಿಟ್ಟಿರಿ. ತುಂಗಭದ್ರೆಯ ಈ ಭಾಗ ನೀರುನಾಯಿ ಸಂರಕ್ಷಣಾ ಮೀಸಲು, ಬೆಳಗಿನ ಹೊತ್ತು ನೀರಿನಲ್ಲಿ ಮೂರು ನಾಲ್ಕು ತಲೆ ಒಟ್ಟಿಗೆ ಏಳುವುದು ಕಂಡರೆ ಅದು ಅವೇ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಗೈಡ್ ಹಾಕಲು ಹೊರಟರೂ ಬೇಡ ಅನ್ನಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂತ ಅದು ತಿನ್ನುವುದು ಬಿಟ್ಟು ಓಡಿ ಬರುತ್ತದೆ. ವಾರಕ್ಕೆ ನೂರು ಜನ ಹೀಗೆ ಮಾಡಿದರೆ ಅದರ ಗತಿ ಏನು ಯೋಚಿಸಿ. ಕೊಂಬಿನ ಗೂಬೆ ಕೂತ ಸಂದಿ ತೋರಿಸುತ್ತೇನೆ ಅಂತ ಯಾರಾದರೂ ಬಂದರೆ ದೂರದಿಂದ ನೋಡಿ, ಹತ್ತಿರ ಬೇಡ. ಜನವರಿ ಅವುಗಳ ಮರಿ ಮಾಡುವ ಕಾಲ. ತಾಯಿ ಎದ್ದು ಹೋದರೆ ಮೊಟ್ಟೆಗೂ ಮರಿಗೂ ಬಿಸಿಲು ತಗಲುತ್ತದೆ, ಕಾಗೆಗೂ ದಾರಿ ಆಗುತ್ತದೆ.

ವಿಠ್ಠಲ ಗುಡಿಯ ಟಿಕೆಟ್ ಜೋಪಾನ. ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ. ಐವತ್ತು ರೂಪಾಯಿ ನೋಟಿನ ಕಲ್ಲಿನ ರಥದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರುತ್ತವೆ. ಆಗ ಹಜಾರರಾಮನ ಗುಡಿ. ಒಳಗೋಡೆಯ ಮೇಲೆ ರಾಮಾಯಣ ಪೂರ್ತಿ ಸಾಲಾಗಿ ಕೆತ್ತಿದ್ದಾರೆ. ಅಮ್ಮನಿಗೆ ಕಥೆ ಬಾಯಿಪಾಠ ಇರುತ್ತದೆ, ಮೊಮ್ಮಗಳಿಗೆ ಒಂದೊಂದೇ ತೋರಿಸುತ್ತಾ ಹೋಗಲಿ. ಮಗಳಿಗೆ ಒಂದು ಕೆಲಸ ಕೊಡಿ: ಕಲ್ಲಿನಲ್ಲಿರುವ ಹಕ್ಕಿ ಹುಡುಕು, ಪುಸ್ತಕದಲ್ಲಿ ಬರೆದುಕೋ. ಜಟಾಯು ಸಿಗುತ್ತಾನೆ. ಬೇರೆ ಗುಡಿಗಳಲ್ಲಿ ಗರುಡ, ಗಿಳಿ, ಹಂಸ. ವಿಜಯನಗರದ ಅರಸ ಅಚ್ಯುತರಾಯ ತನ್ನ ನಾಣ್ಯದ ಮೇಲೆ ಗಂಡಭೇರುಂಡ ಹಾಕಿಸಿದ್ದ ಅಂತ ಹೇಳಿ, ನಮ್ಮ ರಾಜ್ಯ ಲಾಂಛನದ ಅದೇ ಎರಡು ತಲೆ ಹಕ್ಕಿ ಅಂದರೆ ಕಣ್ಣು ಅರಳುತ್ತದೆ. ನಾನು ಒಂದು ಕುಟುಂಬದ ಜೊತೆ ಹೀಗೆ ಹೋದಾಗ ಹತ್ತು ವರ್ಷದ ಹುಡುಗ ಮಧ್ಯಾಹ್ನದೊಳಗೆ ಹದಿನೇಳು ಕಲ್ಲಿನ ಹಕ್ಕಿ ಬರೆದುಕೊಂಡಿದ್ದ. ಜೀವಂತ ಹಕ್ಕಿ ಬಗ್ಗೆ ಅಲ್ಲಿವರೆಗೆ ಒಂದು ಪ್ರಶ್ನೆಯನ್ನೂ ಕೇಳದವನು ಸಂಜೆ ಬೈನಾಕ್ಯುಲರ್ ಕೊಡಿ ಅಂದ.

ಊಟದ ನಂತರ ಕಮಲಾಪುರದ ಪುರಾತತ್ವ ಮ್ಯೂಸಿಯಂ ನೋಡಿ. ಇಡೀ ಹಂಪಿಯ ಮಾದರಿ ಅಲ್ಲಿದೆ, ಬೆಟ್ಟ ಎಲ್ಲಿ, ಹೊಳೆ ಎಲ್ಲಿ, ಊರು ಎಲ್ಲಿ ಅಂತ ಒಂದೇ ನೋಟದಲ್ಲಿ ತಿಳಿಯುತ್ತದೆ. ಶುಕ್ರವಾರ ರಜೆ. ಸಂಜೆ ನಾಲ್ಕೂವರೆಗೆ ಕಮಲಾಪುರ ಕೆರೆ ಏರಿ. ಅಮ್ಮನಿಗೆ ಒಂದು ಮಡಚುವ ಸ್ಟೂಲ್ ತೆಗೆದುಕೊಂಡು ಹೋಗಿ, ಇದನ್ನು ನಾಲ್ಕೂ ದಿನ ಗಾಡಿಯಲ್ಲಿ ಇಟ್ಟುಕೊಳ್ಳಿ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮೂರನೇ ದಿನ ಬೆಳಿಗ್ಗೆ ರೂಮು ಖಾಲಿ ಮಾಡಿ ಹೊಳೆ ಆಚೆ ಆನೆಗುಂದಿ ಕಡೆ ಹೋಗಿ. ಅಂಜನಾದ್ರಿಗೆ 575 ಮೆಟ್ಟಿಲು, ಅಮ್ಮ ಕೆಳಗಿನಿಂದಲೇ ಕೈಮುಗಿಯಲಿ. ಪಂಪಾ ಸರೋವರದ ಹತ್ತಿರ ಅರ್ಧ ಗಂಟೆ, ಗದ್ದೆ ಬಯಲಿನಲ್ಲಿ ಒಂದು ಗಂಟೆ. ವಿದ್ಯುತ್ ತಂತಿಯ ಮೇಲೆ ನೀಲಕಂಠ ಕೂತಿರುತ್ತದೆ, ಕಳ್ಳಿಪೀರ ಅಂತೂ ಲೆಕ್ಕವಿಲ್ಲ.

ಅಂಕಸಮುದ್ರ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಹಗರಿಬೊಮ್ಮನಹಳ್ಳಿ ಹತ್ತಿರದ ಆ ಕೆರೆ, ನೀರಿನಲ್ಲೇ ನಿಂತ ಜಾಲಿಮರಗಳ ತುಂಬಾ ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆ ಗೂಡು. 2024ರಲ್ಲಿ ಮಾಗಡಿ ಕೆರೆ, ಅಘನಾಶಿನಿ ಜೊತೆಗೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನನಗೆ ಬಹಳ ಇಷ್ಟದ ಜಾಗ. ಆದರೂ ಈ ಸಲ ಬಿಡಿ. ಅದು ನಿಮ್ಮ ದಾರಿಗೆ ತಿರುಗುಮುರುಗು. ಅಲ್ಲಿಗೆ ಹೋದರೆ ಮುಂದೆ ಸಿಗುವ ಇಟಗಿಯ ಗುಡಿ ತಪ್ಪುತ್ತದೆ, ಅಮ್ಮನಿಗೆ ಇಟಗಿ ತಪ್ಪಿಸಬಾರದು. ಐದನೇ ದಿನ ಸಿಕ್ಕರೆ ಮಾತ್ರ ಸೇರಿಸಿಕೊಳ್ಳಿ.

ಗಂಗಾವತಿ, ಕೊಪ್ಪಳ ದಾಟಿ ಇಟಗಿಯ ಮಹಾದೇವ ದೇವಾಲಯ. 1112ರದ್ದು. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಇದನ್ನು ದೇವಾಲಯ ಚಕ್ರವರ್ತಿ ಅಂತ ಅಲ್ಲಿನ ಶಾಸನವೇ ಕರೆದಿದೆ. ಹಂಪಿಯ ಗಡಸು ಕಲ್ಲು ನೋಡಿ ಬಂದ ಕಣ್ಣಿಗೆ ಇಲ್ಲಿನ ಬಳಪದ ಕಲ್ಲಿನ ನಯ ಬೇರೆಯೇ ಅನ್ನಿಸುತ್ತದೆ. ಜನ ಕಡಿಮೆ. ಅಲ್ಲಿಂದ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಕಾಶಿ ವಿಶ್ವನಾಥ ಗುಡಿ, ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ ಇವರೇ ಅಂತ ಮಗಳಿಗೆ ಅಮ್ಮನೇ ಹೇಳಲಿ. ಬಾವಿಯ ಮೆಟ್ಟಿಲಲ್ಲಿ ಅಮ್ಮ ಇಳಿಯುವುದು ಬೇಡ, ಮೇಲಿಂದಲೇ ಚೆನ್ನಾಗಿ ಕಾಣುತ್ತದೆ. ಗುಡಿಗಳಲ್ಲಿ ಹಂಸ ಕೆತ್ತಿದ್ದು ಕಂಡರೆ ಕೊರಳಿನ ಬಾಗು ನೆನಪಿಟ್ಟುಕೊಳ್ಳಿ. ಮರುದಿನ ಬೇಕಾಗುತ್ತದೆ. ರಾತ್ರಿ ಗದಗದಲ್ಲಿ ಉಳಿಯಿರಿ, ಜೋಳದ ರೊಟ್ಟಿ ಎಣ್ಣೆಗಾಯಿ ತಿಂದು ಬೇಗ ಮಲಗಿ.

ನಾಲ್ಕನೇ ದಿನ ಕತ್ತಲಿರುವಾಗಲೇ ಹೊರಡಿ. ಮಾಗಡಿ ಅಂದರೆ ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಶಿರಹಟ್ಟಿ ತಾಲ್ಲೂಕಿನದು, ಗದಗದಿಂದ ಸುಮಾರು 26 ಕಿಲೋಮೀಟರ್. ಮ್ಯಾಪ್ ಹಾಕುವಾಗ ಜಿಲ್ಲೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಇಲ್ಲಿಗೆ ಸಾವಿರಾರು ಪಟ್ಟೆ ತಲೆಯ ಹೆಬ್ಬಾತು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಇದು. 7000 ಮೀಟರಿಗಿಂತ ಮೇಲೆ ಹಾರಿದ್ದನ್ನು ಅಳೆದಿದ್ದಾರೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕಾಡಿಗೆ ಬೆರಳಿನಿಂದ ಎಳೆದ ಹಾಗೆ. ಬೆಳಗಿನ ಜಾವ ಹೊಲಗಳಿಗೆ ಮೇಯಲು ಹೋಗುತ್ತವೆ, ಬಿಸಿಲೇರುವ ಹೊತ್ತಿಗೆ ಗುಂಪು ಗುಂಪಾಗಿ ಕೆರೆಗೆ ವಾಪಸ್. ಅವು ಇಳಿಯುವ ಹೊತ್ತಿಗೆ ನೀವು ಅಲ್ಲಿರಬೇಕು. ಮೊದಲು ದೂರದಿಂದ ಸದ್ದು ಬರುತ್ತದೆ, ಆಮೇಲೆ ಆಕಾಶದಲ್ಲಿ ಗೆರೆ, ಆಮೇಲೆ ರೆಕ್ಕೆ ಬಿಗಿಹಿಡಿದು ನೀರಿಗೆ ಇಳಿಯುತ್ತವೆ.

ಏರಿಯ ಮೇಲೆ ನಿಂತೇ ನೋಡಿ, ನೀರಿನ ಅಂಚಿಗೆ ಇಳಿಯಬೇಡಿ. ಹಾರುವ ಫೋಟೊ ಬೇಕು ಅಂತ ಕಲ್ಲು ಎಸೆಯುವವರನ್ನು ನಾನೇ ಕಂಡಿದ್ದೇನೆ, ಕಂಡರೆ ಸುಮ್ಮನಿರಬೇಡಿ. ಸುತ್ತಲಿನ ರೈತರ ಜೊತೆ ಎರಡು ಮಾತಾಡಿ. ಈ ಹಕ್ಕಿಗಳು ಮೇಯುವುದು ಅವರ ಹೊಲದಲ್ಲಿ.

ನಮ್ಮ ಗುಡಿಗಳ ಹಂಸ ಈ ಹೆಬ್ಬಾತೇ ಇರಬೇಕು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಹಿಂದಿನ ದಿನ ನೋಡಿದ ಕೊರಳಿನ ಬಾಗನ್ನು ಇಲ್ಲಿ ನೀರಿನ ಮೇಲೆ ಹುಡುಕಲು ಮಗಳಿಗೆ ಹೇಳಿ, ಬೈನಾಕ್ಯುಲರ್ ಮೊದಲು ಅವಳಿಗೇ ಕೊಡಿ. ಎಂಟರಿಂದ ಹತ್ತು ಪಟ್ಟು ದೊಡ್ಡದು ಮಾಡುವ ಮಾಮೂಲಿ ಬೈನಾಕ್ಯುಲರ್ ಸಾಕು, ದುಬಾರಿ ಬೇಡ.

ಹತ್ತೂವರೆಗೆ ಅಲ್ಲಿಂದ ಹೊರಟರೆ ಗದಗದ ವೀರನಾರಾಯಣ, ತ್ರಿಕೂಟೇಶ್ವರ ಎರಡಕ್ಕೂ ಹೊತ್ತಿದೆ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿದ್ದರೆ ಸಂಜೆ ತೆಗೆಯುವವರೆಗೆ ಕಾಯಿರಿ, ಹೇಗೂ ರೈಲು ಸಂಜೆಯ ಮೇಲೆ. ಕುಮಾರವ್ಯಾಸ ಭಾರತ ಬರೆದದ್ದು ವೀರನಾರಾಯಣನ ಸನ್ನಿಧಿಯಲ್ಲಿ ಅಂತ ನಂಬಿಕೆ. ಅವನು ಕೂತು ಬರೆದ ಅನ್ನುವ ಕಂಬದ ಹತ್ತಿರ ಅಮ್ಮನಿಗೆ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸುತ್ತದೆ, ಅವಸರ ಮಾಡಬೇಡಿ. ಸ್ಟೇಷನ್ನಿಗೆ ಹೋಗುವ ಮುಂಚೆ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಳ್ಳಿ.